ಮೂರು ಹಸಿರು ಗರಿಗಳ ಬಗ್ಗೆ ಒಂದು ಬಹಿರಂಗ ದೂರು

ಇವರಿಗೆ,
ಮುಖ್ಯಸ್ಥರು, ಹೆಸರು ಮತ್ತು ಚಿಹ್ನೆಗಳ ವಿಭಾಗ,
ಚಿತ್ರ ಬಿಡಿಸುವ ತಂತ್ರಾಂಶದ ಕಂಪನಿ.

ಮಾನ್ಯರೇ,

ಗಜೇಂದ್ರಗಡ ಬಸ್ ನಿಲ್ದಾಣದ ಎದುರಿಗಿರುವ ಸ್ಟಿಕರ್ ಮತ್ತು ನಾಮಫಲಕದ ಅಂಗಡಿಯಿಂದ ತಮಗೂ, ತಮ್ಮ ಕುಟುಂಬದವರಿಗೂ, ಚಿಹ್ನೆಯನ್ನು ಎಂದಿಗೂ ಬದಲಿಸದೇ ಇರುವ ಕಷ್ಟದ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿಕೊಂಡು ಬಂದಿರುವ ತಮ್ಮ ವಿಭಾಗದ ಸಕಲ ಸಿಬ್ಬಂದಿಗೂ ಆದರದ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಕ್ಷೇಮವಾಗಿಲ್ಲದವರು ಇಷ್ಟು ನಿಶ್ಚಿಂತೆಯಿಂದ ಒಂದೇ ಹೆಸರನ್ನು ಮೂರು ವಸ್ತುಗಳಿಗೆ ಇಡಲಾರರು. ತಮ್ಮ ಕಂಪನಿಯ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ. ಬರೆದರೆ ಮೂರು ಸಲ ಬರೆಯಬೇಕಾಗುತ್ತದೆ, ಓದುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಇಪ್ಪತ್ತೆರಡು ವರ್ಷ ದಿನಪತ್ರಿಕೆಗಳ ಏಜೆಂಟನಾಗಿದ್ದು ದಿನವೂ ಬೆಳಿಗ್ಗೆ ಎಲ್ಲ ಪತ್ರಿಕೆಗಳನ್ನೂ ಪುಕ್ಕಟೆ ಓದಿದವನಾದ್ದರಿಂದ, ದೂರಿಗೆ ಮುಂಚೆ ಸಂಗತಿಗಳನ್ನು ಹೇಳುವುದು ನನ್ನ ಅಭ್ಯಾಸ. ಸಂಗತಿಗಳು ಇಂತಿವೆ. ನಮ್ಮ ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರಲ್ಲಿ ತಮ್ಮ ತಂತ್ರಾಂಶದ ಮೂರು ಆವೃತ್ತಿಗಳಿವೆ. ಇದನ್ನು ತಾವು ದುರಾಸೆ ಎಂದು ತಿಳಿಯಬಾರದು. ಸ್ಟಿಕರ್ ಕತ್ತರಿಸುವ ನಮ್ಮ ಯಂತ್ರಕ್ಕೆ ವಯಸ್ಸಾಗಿದೆ, ಅದು ತಮ್ಮ ಹಳೆಯ ಆವೃತ್ತಿಯ ಮಾತನ್ನಷ್ಟೇ ಕೇಳುತ್ತದೆ. ನಮಗೆ ಫ್ಲೆಕ್ಸ್ ಮುದ್ರಿಸಿ ಕೊಡುವವರು ನಡುವಿನ ಆವೃತ್ತಿಯ ಕಡತ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಇನ್ನು ಮದುವೆ, ಚುನಾವಣೆ, ಹುಟ್ಟುಹಬ್ಬದ ಗಿರಾಕಿಗಳು ಮೊಬೈಲಿನಲ್ಲಿ ಹಿಡಿದುಕೊಂಡು ಬರುವ ವಿನ್ಯಾಸಗಳು ಹೊಸ ಆವೃತ್ತಿಯಲ್ಲಿ ಮಾತ್ರ ತೆರೆಯುತ್ತವೆ. ಆದ್ದರಿಂದ ಮೂವರನ್ನೂ ಒಂದೇ ಮನೆಯಲ್ಲಿ ಸಾಕುತ್ತಿದ್ದೇವೆ. ಅವರೊಳಗೆ ಜಗಳವಿಲ್ಲ. ಹಳೆಯ ಕಡತವನ್ನು ಹೊಸದು ತೆರೆಯುತ್ತದೆ, ಆದರೆ ಒಮ್ಮೆ ಹೊಸದರ ಕೈಗೆ ಹೋಗಿ ಬಂದ ಕಡತವನ್ನು ಹಳೆಯದು ಮತ್ತೆ ಹೊಸ್ತಿಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಷ್ಟೇ.

ಈ ಮೂರಕ್ಕೂ ತಾವು ಕೊಟ್ಟಿರುವುದು ಒಂದೇ ಹೆಸರು, ಒಂದೇ ಹಸಿರು ಗರಿ. ಎಡಕ್ಕೆ ಬಾಗಿದ ಗರಿ, ಮೇಲೆ ಒಂದು ಸಣ್ಣ ಬಿಳಿ ಮಿಂಚು. ಭೂತಗನ್ನಡಿ ಹಿಡಿದು ನೋಡಿದ್ದೇನೆ, ಮಿಂಚಿನ ಉದ್ದದಲ್ಲೂ ವ್ಯತ್ಯಾಸವಿಲ್ಲ. ಸರ್ಕಾರಗಳು ಬದಲಾಗಿವೆ, ಬಸ್ಸಿನ ಬಣ್ಣ ಬದಲಾಗಿದೆ, ನಮ್ಮ ತಾಲ್ಲೂಕೇ ಬದಲಾಗಿದೆ. ನಾವು ರೋಣ ತಾಲ್ಲೂಕಿನವರಾಗಿದ್ದು ಗಜೇಂದ್ರಗಡ ತಾಲ್ಲೂಕಿನವರಾದಾಗ ಅಂಗಡಿಯ ಮುದ್ರೆಯಿಂದ ಹಿಡಿದು ಎಲ್ಲವನ್ನೂ ಬದಲಿಸಬೇಕಾಯಿತು. ತಾವು ಮಾತ್ರ ಗರಿಯ ಬಾಗು ಬದಲಿಸಲಿಲ್ಲ. ಇಂಥ ನಿಷ್ಠೆಯನ್ನು ನಾನು ಎಲ್ಲಿಯೂ ಕಂಡಿಲ್ಲ.

ಈ ಗರಿಗಳನ್ನು ಪ್ರತಿಸಲ ಹುಡುಕುವ ಕಷ್ಟ ತಪ್ಪಲೆಂದು, ಪಕ್ಕದ ಮೊಬೈಲ್ ಅಂಗಡಿಯ ದಿಲಾವರ ಆರು ಗುಂಡಿಗಳಿರುವ ಅಂಗೈಯಗಲದ ಪೆಟ್ಟಿಗೆಯೊಂದನ್ನು ತರಿಸಿಕೊಟ್ಟ. ಅದನ್ನು ಕಂಪ್ಯೂಟರಿಗೆ ಜೋಡಿಸಿ ಗುಂಡಿಗೊಂದು ಕೆಲಸ ಒಪ್ಪಿಸಿದರೆ, ಒತ್ತಿದ ಕೂಡಲೇ ಆ ಕೆಲಸ ಆಗುತ್ತದೆ. ನಮ್ಮಲ್ಲಿ ಒಂಬತ್ತು ವರ್ಷದಿಂದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿರುವ ನಾಹೀದ ಮೊದಲ ಮೂರು ಗುಂಡಿಗಳಿಗೆ ತಮ್ಮ ಮೂರು ಆವೃತ್ತಿಗಳನ್ನು ಒಪ್ಪಿಸಿ, ಕತ್ತರಿಸಿ ಉಳಿದ ಸ್ಟಿಕರಿನ ಚೂರುಗಳನ್ನು ಅವುಗಳ ಮೇಲೆ ಅಂಟಿಸಿದಳು. ಹಳೆಯದಕ್ಕೆ ಕೆಂಪು, ನಡುವಿನದಕ್ಕೆ ಹಳದಿ, ಹೊಸದಕ್ಕೆ ಹಸಿರು. ತಮ್ಮ ವಿಭಾಗಕ್ಕೆ ಇಷ್ಟು ವರ್ಷಗಳಲ್ಲಿ ಆಗದ ಕೆಲಸ ಅವಳಿಗೆ ಚಹಾ ಆರುವುದರೊಳಗೆ ಆಯಿತು. ಇದನ್ನು ತಮ್ಮನ್ನು ಹೀಗಳೆಯಲು ಹೇಳುತ್ತಿಲ್ಲ. ಅವಳಲ್ಲಿ ಸ್ಟಿಕರ್ ಚೂರುಗಳಿದ್ದವು, ತಮ್ಮಲ್ಲಿ ಇರಲಿಕ್ಕಿಲ್ಲ.

ಈಗ ನಾಹೀದಳ ತಂದೆ ಕಾಶೀಂಸಾಬರ ವಿಷಯ ಹೇಳಬೇಕು. ರೋಣ, ನರಗುಂದ, ಗಜೇಂದ್ರಗಡದ ಅಂಗಡಿಗಳ ಫಲಕಗಳನ್ನು ನಲವತ್ತು ವರ್ಷ ಕುಂಚ ಹಿಡಿದು ಬರೆದವರು ಅವರು. ಅವರ ಅಕ್ಷರದ ತುದಿಯಲ್ಲಿ, ಕುಂಚ ಎತ್ತುವ ಹೊತ್ತಿಗೆ, ಕುರಿಮರಿ ಬಾಲ ಅಲ್ಲಾಡಿಸಿದಂಥ ಒಂದು ಸಣ್ಣ ಕುಣಿತ ಇರುತ್ತಿತ್ತು. ಎರಡು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಪೂರ್ತಿ ಕೈಕೊಡುವ ಮುಂಚೆ ಮೂರು ತಿಂಗಳು ಕೂತು, ಎಲ್ಲ ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ದಪ್ಪ ಹಾಳೆಗಳ ಮೇಲೆ ಬರೆದು ಕೊಟ್ಟರು. ನಾಹೀದ ಅವುಗಳ ಫೋಟೋ ತೆಗೆದು, ಅಂಚಿನುದ್ದಕ್ಕೂ ಚುಕ್ಕಿ ಇಡುತ್ತ ಹೋಗಿ, ಕಂಪ್ಯೂಟರಿನೊಳಗೆ ಇಳಿಸಿದಳು. ಒಂದು 'ಖ'ಕ್ಕೇ ನೂರಾ ಎಂಬತ್ತು ಚುಕ್ಕಿ. ಎಲ್ಲವೂ ಹಳೆಯ ಆವೃತ್ತಿಯಲ್ಲಿ, ಒಂದೇ ಕಡತದಲ್ಲಿ. ಅಂದಿನಿಂದ ಕಾಶೀಂಸಾಬರ ಅಕ್ಷರ ಬೇಕೆಂದವರಿಗೆ ಆ ಕಡತ ತೆರೆದು ಸ್ಟಿಕರ್ ಕತ್ತರಿಸಿ ಫಲಕಕ್ಕೆ ಅಂಟಿಸಿ ಕೊಡುತ್ತಿದ್ದೆವು. ಕಾಶೀಂಸಾಬರು ಗಿರಾಕಿಗಳ ಕುರ್ಚಿಯಲ್ಲಿ ಕೂತು, "ನಾ ಇಲ್ಲಿ ಚಾ ಕುಡಕೋತ ಕುಂತೀನಿ, ನನ್ನ ಕೈ ಅಲ್ಲಿ ದುಡಿಯಾಕ ಹತ್ತೈತಿ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಕಳೆದ ದಸರೆಗೆ ಮುಂಚೆ ರೋಣದಿಂದ ಮುದುಕವ್ವ ಬಂದು ಒಂದು ಫಲಕ ಹೇಳಿ ಹೋದಳು. ಆಕೆಯದು ಮೂವತ್ತು ವರ್ಷದ ರೊಟ್ಟಿ ಖಾನಾವಳಿ. ರಸ್ತೆ ಅಗಲ ಮಾಡುವಾಗ ಮುಂದಿನ ಗೋಡೆ ಹೋಯಿತು, ಗೋಡೆಯ ಮೇಲೆ ಕಾಶೀಂಸಾಬರು ಬರೆದಿದ್ದ ಹೆಸರೂ ಹೋಯಿತು. ಈಗ ಒಳಗಿನ ಓಣಿಯಲ್ಲಿ ಜಾಗ ಹಿಡಿದಿದ್ದಳು, ದಸರೆಯ ಬೆನ್ನಿಗೇ ಬರುವ ಸೀಗಿ ಹುಣ್ಣಿಮೆಗೆ ಒಲೆ ಹೊತ್ತಿಸುವವಳಿದ್ದಳು. "ಬಸ್ ಇಳದ ಮಂದಿ ಓಣಿ ಬಾಯಿಗೆ ನಿಂತು ನೋಡಿದ್ರ, ಹಾಂ, ಇದು ನಮ್ಮ ಮುದುಕವ್ವಂದು ಅನಬೇಕ್ರಿ. ಮೊದಲಿನ ಅಕ್ಷರನs ಆಗಬೇಕು. ಇಲ್ಲಂದ್ರ ಎಲ್ಲಾರೂ ಬಾಜೂಕಿನ ಹೊಸಾ ಹೋಟೆಲಿಗೆ ಹೊಕ್ಕು ಬಿಡ್ತಾರ, ನಾ ಮಾಡಿದ ರೊಟ್ಟಿ ನಾನs ತಿನಬೇಕಾಗತೈತಿ" ಎಂದು ಹೇಳಿ, ನನ್ನ ಕೈಗಿಂತ ಕಾಶೀಂಸಾಬರ ಕೈಗೆ ಹೆಚ್ಚು ಶೇಂಗಾ ಹೋಳಿಗೆ ಕೊಟ್ಟು ಹೋದಳು.

ಅದಾದ ಮೇಲೆ ಖಂಡೇ ಪೂಜೆ ಬಂತು. ತಮ್ಮ ಕಡೆ ಈ ಪದ್ಧತಿ ಇದೆಯೋ ಇಲ್ಲವೋ ತಿಳಿಯದು. ದಸರೆಯ ನವಮಿಗೆ ನಾವು ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ಒರೆಸಿ, ಸಾಲಾಗಿ ಇಟ್ಟು ಪೂಜೆ ಮಾಡುತ್ತೇವೆ. ರೈತರು ಕುಡಗೋಲು, ಕುಂಟೆ ಇಡುತ್ತಾರೆ. ನಮ್ಮಲ್ಲಿ ಕತ್ತರಿ, ಬ್ಲೇಡು, ಅಳತೆಪಟ್ಟಿ, ಕತ್ತರಿಸುವ ಯಂತ್ರ, ಕಂಪ್ಯೂಟರ್, ಕಾಶೀಂಸಾಬರು ವರ್ಷವೂ ತಪ್ಪದೆ ತಂದಿಡುವ ಅವರ ಕುಂಚಗಳು. ಸಾಮಾನಿನ ಮೇಲೆ ಒಂದು ಕಲೆ ಇದ್ದರೂ ನನಗೆ ಪೂಜೆ ಮಾಡಿದಂತೆ ಅನ್ನಿಸುವುದಿಲ್ಲ.

ಸಂಗತಿ ಬರೆಯಲು ಕೂತವನು ತನಗೆ ಬೇಡವಾದ ಸಂಗತಿಯನ್ನೂ ಬರೆಯಬೇಕಾಗುತ್ತದೆ. ಆ ದಿನ ನಾಹೀದ ತಂಗಿ ಸಿಮ್ರಾನಳ ಮನೆಗೆಂದು ನರಗುಂದಕ್ಕೆ ಹೋಗಿದ್ದಳು. ಅಂಗಡಿಯಲ್ಲಿ ನಾನೊಬ್ಬನೇ. ಗುಂಡಿಗಳ ಪೆಟ್ಟಿಗೆ ಕೈಗೆ ಬಂತು. ಅದರ ಮೇಲೆ ಕೆಂಪು, ಹಳದಿ, ಹಸಿರು ಚೂರುಗಳು ಅಂಚೆದ್ದು, ಧೂಳು ಹಿಡಿದು ಕೂತಿದ್ದವು. ಬಣ್ಣ ತೆಗೆಯುವ ಥಿನ್ನರಿನಲ್ಲಿ ಅರಿವೆ ಅದ್ದಿ, ಚೆನ್ನಾಗಿ ತಿಕ್ಕಿ, ಆರೂ ಗುಂಡಿಗಳನ್ನು ಅಂಗಡಿಯಿಂದ ಆಗ ತಾನೇ ತಂದಂತೆ ಹೊಳೆಯಿಸಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಚೆಂಡು ಹೂವಿಟ್ಟೆ. ಪೂಜೆ ಮುಗಿಸಿ ಮತ್ತೆ ಜೋಡಿಸಿದಾಗ ಪೆಟ್ಟಿಗೆ ತನಗೆ ಒಪ್ಪಿಸಿದ ಕೆಲಸಗಳನ್ನೆಲ್ಲ ಮರೆತಿತ್ತು. ಗುಂಡಿಗಳಿಗೆ ಹೊಸದಾಗಿ ಕೆಲಸ ಹಚ್ಚುವ ಜವಾಬ್ದಾರಿ ನನ್ನ ಮೇಲೆ ಬಿತ್ತು.

ಇಲ್ಲಿಂದ ಮುಂದೆ ತಮ್ಮ ಪಾಲು ಶುರುವಾಗುತ್ತದೆ. ಯಾವ ತಂತ್ರಾಂಶ ಬೇಕು ಎಂದು ಪೆಟ್ಟಿಗೆ ಕೇಳಿತು, ಪಟ್ಟಿ ಬಿಚ್ಚಿತು. ಪಟ್ಟಿಯಲ್ಲಿ ತಮ್ಮ ಹೆಸರು ಮೂರು ಸಲ, ಒಂದರ ಕೆಳಗೊಂದು, ಗರಿಸಮೇತ. ಹೆಸರಿನ ಮೇಲೆ ಮೌಸಿನ ಬಾಣ ಇಟ್ಟು ಕಾದೆ. ಕಡತ ಎಲ್ಲಿದೆ ಎಂಬ ದಾರಿ ಮೂಡಿತು: ಡ್ರೈವಿನ ಹೆಸರು, ಫೋಲ್ಡರಿನ ಹೆಸರು, ಕಂಪನಿಯ ಹೆಸರು, ತಂತ್ರಾಂಶದ ಹೆಸರು, ಮತ್ತು ಆವೃತ್ತಿಯ ಸಂಖ್ಯೆ ಇರಬೇಕಾದ ಸರಿಯಾದ ಜಾಗದಲ್ಲಿ ಮೂರು ಚುಕ್ಕಿ. ಬಸ್ಸಿನ ಹಣೆಗೆ 'ಕರ್ನಾಟಕ, ಗದಗ ಜಿಲ್ಲೆ' ಎಂದು ದೊಡ್ಡದಾಗಿ ಬರೆದು, ರೋಣವೋ ನರಗುಂದವೋ ಎಂಬಲ್ಲಿ ಚುಕ್ಕಿ ಇಟ್ಟು ಬಿಟ್ಟರೆ ಪ್ರಯಾಣಿಕರು ಎಷ್ಟು ಸಂತೋಷಪಡುವರೋ ಅಷ್ಟು ಸಂತೋಷವನ್ನು ನಾನೂ ಪಟ್ಟೆ.

ಇರಲಿ, ಒಳಗೆ ಹೊಕ್ಕೇ ನೋಡೋಣವೆಂದು ಒಂದನ್ನು ತೆರೆದೆ. ತೆರೆಯುವಾಗ ಪರದೆಯ ತುಂಬ ಅದೇ ಗರಿ. ತೆರೆದ ಮೇಲೆ, ನಾನು ಯಾವುದರೊಳಗೆ ಇದ್ದೇನೆ ಎಂದು ತಿಳಿಯಲು 'ಸಹಾಯ' ಎಂಬ ಕೊನೆಯ ಪಟ್ಟಿಗೆ ಹೋಗಿ, ಅದರ ಕೊನೆಯ ಸಾಲನ್ನು ಒತ್ತಿ, ಅಲ್ಲಿ ತಮ್ಮ ವಕೀಲರು ಬರೆದ ಎರಡು ಪುಟಗಳ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿರುವ ಸಂಖ್ಯೆಯನ್ನು ಓದಬೇಕೆಂದು ದಿಲಾವರ ಆಮೇಲೆ ಹೇಳಿದ. ಆ ದಿನ ನನಗೆ ಗೊತ್ತಿರಲಿಲ್ಲ. ಎರಡನೆಯದನ್ನು ತೆರೆಯಲು ಹೋದರೆ ಆಗಲೇ ತೆರೆದಿದ್ದ ಮೊದಲನೆಯದೇ ಮುಂದೆ ಬಂದು ನಿಂತಿತು. ಮೂರನೆಯದನ್ನು ಕರೆದರೂ ಅದೇ ಬಂತು. ಇಂಥ ಒಗ್ಗಟ್ಟಿನ ಮನೆತನದಲ್ಲಿ ಯಾರನ್ನು ಕರೆದರೂ ಹಿರಿಯರೇ ಬಂದು ಉತ್ತರ ಕೊಡುತ್ತಾರೆ ಎಂದು ತಿಳಿದುಕೊಂಡೆ. ಕೊನೆಗೆ ನನ್ನ ಬುದ್ಧಿಯನ್ನೇ ಉಪಯೋಗಿಸಿದೆ. ಪಟ್ಟಿ ಎಂದ ಮೇಲೆ ಹಿರಿಯರಿಂದ ಕಿರಿಯರಿಗೆ ಇರುತ್ತದೆ. ನಮ್ಮಲ್ಲಿ ಲಗ್ನಪತ್ರಿಕೆಯ ಹೆಸರುಗಳಿಂದ ಹಿಡಿದು ಪಂಗತಿಯ ಎಲೆಗಳವರೆಗೆ ಎಲ್ಲವೂ ಹಾಗೆಯೇ. ಆದ್ದರಿಂದ ಮೇಲಿನದು ಹಳೆಯದು, ಕೆಳಗಿನದು ಹೊಸದು ಎಂದು ನಿಶ್ಚಯಿಸಿ ಅದೇ ಕ್ರಮದಲ್ಲಿ ಮೂರು ಗುಂಡಿಗಳಿಗೆ ಒಪ್ಪಿಸಿ, ಸಮಾಧಾನದಿಂದ ಬಾಗಿಲು ಹಾಕಿದೆ. ತಮ್ಮಲ್ಲಿ ಎಲ್ಲರಿಗಿಂತ ಕಿರಿಯರನ್ನು ಮೇಲೆ ಕೂರಿಸುವ ರೂಢಿ ಇದೆಯೆಂದು ನಾನು ಊಹಿಸುವುದಾದರೂ ಹೇಗೆ?

ಎರಡು ದಿನ ಬಿಟ್ಟು ನಾಹೀದ ಬಂದಳು. ಹೊಳೆಯುವ ಗುಂಡಿಗಳನ್ನು ನೋಡಿ ಹುಬ್ಬೇರಿಸಿದಳು. "ಎಲ್ಲಾ ಮೊದಲಿನಂಗs ಐತಿ, ಸಾಲು ಬದಲ್ ಮಾಡಿಲ್ಲ" ಎಂದು ನಾನೇ ಭರವಸೆ ಕೊಟ್ಟೆ. ಒಂದನೆಯ ಗುಂಡಿ ಒತ್ತಿ ಅಕ್ಷರಗಳ ಕಡತ ತೆರೆದಳು. ತಮ್ಮ ಹಳೆಯ ಆವೃತ್ತಿ ತೆರೆಯುವಾಗೆಲ್ಲ ಪ್ರಿಂಟರ್ ಸಿಗಲಿಲ್ಲವೆಂದು ಒಂದು ಚೌಕ ತೋರಿಸುತ್ತದೆ. ವರ್ಷಗಳಿಂದ ಅದನ್ನು ಓದದೆ ಎಂಟರ್ ಒತ್ತುವುದು ಅವಳ ಬೆರಳಿಗೆ ರೂಢಿ. ಆ ದಿನ ಬಂದ ಚೌಕ ಬೇರೆ. 'ಇದು ಹಳೆಯ ಕಡತ, ಸುಧಾರಿಸಿ ಉಳಿಸಲೇ?' ಎಂದು ತಮ್ಮ ಹೊಸ ಆವೃತ್ತಿ ಇಂಗ್ಲಿಷಿನಲ್ಲಿ ಬಹಳ ಸಭ್ಯವಾಗಿ ಕೇಳಿತ್ತು, ನಮ್ಮ ಪರವಾಗಿ 'ಹೌದು' ಎಂಬುದನ್ನು ತಾನೇ ಮೊದಲು ಆರಿಸಿಟ್ಟೂ ಇತ್ತು. ಬೆರಳು ಎಂಟರ್ ಒತ್ತಿತು. ನಾಹೀದ ಮುದುಕವ್ವನ ಫಲಕಕ್ಕೆ ಬೇಕಾದ ಅಕ್ಷರಗಳನ್ನು ಜೋಡಿಸಿದಳು. ಊಟದ ಹೊತ್ತಿಗೆ, ಹತ್ತು ವರ್ಷದ ಶಿಸ್ತಿನಂತೆ, ನಾನು ಆ ಕಡತವನ್ನು ಪೆನ್‌ಡ್ರೈವಿಗೂ ನಕಲು ಮಾಡಿದೆ. ಹಳೆಯದರ ಮೇಲೆ ಹೊಸದು ಕೂತಿತು. ನನ್ನ ಶಿಸ್ತಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಮಧ್ಯಾಹ್ನ ಕತ್ತರಿಸಲು ಹೋದರೆ ಯಂತ್ರ ಅಲ್ಲಾಡಲಿಲ್ಲ. ಆಗ ನಾಹೀದ ಪರದೆಯನ್ನು ಹತ್ತಿರದಿಂದ ನೋಡಿದಳು. "ಕಾಕಾ, ನಾ ಒಂದನೇದು ಒತ್ತೀನಿ, ಇದು ಮೂರನೇದು ತಗದೈತಿ. ಯಾರ ಮುಟ್ಯಾರಿದನ್ನ?" ಎಂದಳು. ಪೂಜೆಗೆ ಸ್ವಚ್ಛ ಮಾಡಿದೆನೆಂದೆ. "ಯಾತರಲೆ?" ಎಂದಳು. ಥಿನ್ನರ್ ಎಂದೆ. "ನಿಮ್ಮ ಮಾರಿಗೆ ಅಷ್ಟು ಥಿನ್ನರ್ ಹಚ್ಚಿ ತಿಕ್ಕಿದ್ರ, ಕಾಕಾ, ಮನ್ಯಾಗಿನವ್ರಿಗೂ ನಿಮ್ಮ ಗುರ್ತ ಸಿಗತಿರಲಿಲ್ಲ" ಎಂದಳು. ಒಂಬತ್ತು ವರ್ಷದಲ್ಲಿ ಅವಳು ನನ್ನೊಡನೆ ಹಾಗೆ ಮಾತಾಡಿದ್ದು ಅದೇ ಮೊದಲು. ಆಮೇಲೆ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿದಳು. ಪರದೆಯ ಮೂಲೆಯಲ್ಲಿ ತಮ್ಮ ಸಂದೇಶ ಇನ್ನೂ ಇತ್ತು: 'ಕಡತವನ್ನು ಸುಧಾರಿಸಲಾಗಿದೆ. ಅನವಶ್ಯಕ ಚುಕ್ಕಿಗಳನ್ನು ತೆಗೆಯಲಾಗಿದೆ.' ನೂರಾ ಎಂಬತ್ತು ಚುಕ್ಕಿಯ 'ಖ' ಇಪ್ಪತ್ತೆರಡು ಚುಕ್ಕಿಗೆ ಇಳಿದಿತ್ತು. ಬಾಲದ ಕುಣಿತ ಹೋಗಿತ್ತು. ಅನವಶ್ಯಕವೆಂದು ತಾವು ತೆಗೆದದ್ದು ಕಾಶೀಂಸಾಬರನ್ನು.

ಹಾಳೆಗಳು ಇರಬೇಕಲ್ಲ ಎಂದು ತಾವು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡು ಕಾಶೀಂಸಾಬರ ಮನೆಗೆ ಓಡಿದೆ. ಅವರ ಹೆಂಡತಿ ರಸೂಲಬಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. "ಆ ಹಾಳಿ? ಮಳಿಗಾಲದಾಗ ನೀರೊಲಿಗೆ ಹಾಕಿ ಉರಸೀನ್ರಿ. ಎಲ್ಲಾ ಕಂಪ್ಯೂಟರಿನ್ಯಾಗ ಹೋದ್ವು, ಇನ್ನ ಕಾಗದ ಯಾಕ ಬೇಕು ಅಂತ ನೀವs ಅಂದಿದ್ರಲ್ಲ" ಎಂದರು. ಅಂದಿದ್ದೆ. ಫೋಟೋಗಳು? ಅವನ್ನು ನಾನು ಅಳಿಸಿದ್ದು ಕಳೆದ ವರ್ಷ, ತಮ್ಮ ಹೊಸ ಆವೃತ್ತಿಯನ್ನು ಸ್ಥಾಪಿಸುವಾಗ. ಜಾಗ ಸಾಲದು, ಏನಾದರೂ ತೆಗೆಯಿರಿ ಎಂದು ಅದೇ ಕೇಳಿಕೊಂಡಿತ್ತು. ಇನ್ನು ಅಂಗಡಿಗಳ ಮೇಲಿನ ಹಳೆಯ ಫಲಕಗಳು. ಅವುಗಳಲ್ಲಿ ಬಹುಪಾಲು ಫ್ಲೆಕ್ಸಿನ ಹಿಂದೆ ಮುಚ್ಚಿಹೋಗಿವೆ, ಆ ಫ್ಲೆಕ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಅಂಗಡಿಯಲ್ಲೇ ಆದವು. ಉಳಿದ ನಾಲ್ಕೈದನ್ನು ಬಿಸಿಲು ತಿಂದು ಹಾಕಿದೆ. ಈಚೆಗೆ ಸ್ಟಿಕರ್ ಅಂಟಿಸಿ ಕೊಟ್ಟ ಫಲಕಗಳನ್ನೆಲ್ಲ ಒಟ್ಟು ಮಾಡಿದರೂ ಅರ್ಧ ಅಕ್ಷರಮಾಲೆ ಆಗುವುದಿಲ್ಲ, 'ಖ' ಅವುಗಳಲ್ಲಿ ಒಂದರಲ್ಲೂ ಇಲ್ಲ.

ಕಾಶೀಂಸಾಬರನ್ನು ಕರೆತಂದು ಪರದೆ ತೋರಿಸಿದೆವು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಏನೋ ಪ್ರಭಣ್ಣಾ, ನನ್ನ ಅಕ್ಷರಕ್ಕ ಕಟಿಂಗ್ ಮಾಡ್ಸಿ, ಪೌಡರ್ ಬಡದು ನಿಂದರಿಸೀಯಲ್ಲೋ. ಹೆಣ್ಣು ನೋಡಾಕ ಹೊಂಟ ವರ ಕಂಡಂಗ ಕಾಣತಾವು" ಎಂದು ನಕ್ಕರು. ನಾಹೀದ ನಗಲಿಲ್ಲ. "ಅಬ್ಬಾ, ನಂದs ತಪ್ಪು, ನಾ ಓದಲಿಲ್ಲ" ಎಂದು ತಂದೆಗೆ ಹೇಳಿದಳು. "ನೀ ಏನ್ ಮಾಡ್ತಿ ಬಿಡು ಬೇಟಿ, ಮೂರೂ ಒಂದs ನಮೂನಿ ಕಾಣತಾವು. ಅವಳಿಜವಳಿ ಹಡದ ತಾಯಿನೂ ಒಂದಕ್ಕರ ಕರೀ ದಾರ ಕಟ್ಟತಾಳ" ಎಂದರು. ಆ ಮಾತನ್ನು ತಮ್ಮ ಗಮನಕ್ಕೆಂದು ಅಂದೇ ಬರೆದಿಟ್ಟುಕೊಂಡೆ. ಆದರೆ ಎದ್ದು ಹೋಗುವಾಗ ಅವರು ಗಿರಾಕಿಗಳ ಕುರ್ಚಿಯ ಕಡೆ ನೋಡಲಿಲ್ಲ. ಮರುದಿನ ಚಹಾಕ್ಕೂ ಬರಲಿಲ್ಲ.

ಹುಣ್ಣಿಮೆಗೆ ಮೂರು ದಿನ ಉಳಿದಿತ್ತು. ನಾನು ಒಂದು ಸಣ್ಣತನ ಮಾಡಿದೆ. ಸುಧಾರಿಸಿದ ಅಕ್ಷರಗಳ ಹೊರಗೆರೆಯನ್ನಷ್ಟೇ ದಿಲಾವರನಿಂದ ಹಳೆಯದಕ್ಕೂ ತಿಳಿಯುವ ಬೇರೆ ನಮೂನೆಯ ಕಡತಕ್ಕೆ ಇಳಿಸಿ, ಯಂತ್ರದಲ್ಲಿ ಕತ್ತರಿಸಿ, ಕೆಂಪು ಫಲಕದ ಮೇಲೆ ಬಿಳಿಯಾಗಿ 'ಮುದುಕವ್ವನ ರೊಟ್ಟಿ ಖಾನಾವಳಿ' ಎಂದು ಅಂಟಿಸಿದೆ. ನೋಡಲು ಅಚ್ಚುಕಟ್ಟಾಗಿತ್ತು. ಆಕೆಗೇನು ತಿಳಿಯುತ್ತದೆ ಎಂದುಕೊಂಡೆ. ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಕಾಶೀಂಸಾಬರು ಬಂದರು, ಕಂಕುಳಲ್ಲಿ ಇನ್ನೊಂದು ಫಲಕ. ಎರಡು ದಿನ ಮನೆಯ ಹಿತ್ತಲಲ್ಲಿ ಕೂತು, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಅದೇ ಹೆಸರನ್ನು ಕುಂಚದಿಂದ ಬರೆದಿದ್ದರು. ಗೆರೆಗಳು ಗಾಳಿಗೆ ಹಿಡಿದ ನೀರಿನಂತೆ ಅಲುಗಿದ್ದವು. "ನೋಡಬ್ಯಾಡ್ರಿ, ಸುಮ್ನ ತಂದೀನಿ" ಎಂದು ಮುಖ ಗೋಡೆಗೆ ಮಾಡಿ ಒರಗಿಸಿಟ್ಟರು.

ಹನ್ನೊಂದರ ಬಸ್ಸಿಗೆ ಮುದುಕವ್ವ ಇಳಿದಳು. ನಾನು ಸುಧಾರಿತ ಫಲಕವನ್ನು ಎತ್ತಿ ಹಿಡಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. "ಚಲೋ ಐತ್ರಿ. ಆದ್ರ ಇದು ನಂದಲ್ಲ. ಯಾವುದೋ ಬ್ಯಾಂಕಿಂದು" ಎಂದಳು. ನಾನು ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು ಆಕೆಯ ಹೆಸರನ್ನು ಓದಿ ತೋರಿಸಿದೆ. "ಯಪ್ಪಾ, ಓದೂದು ನಿಮ್ಮ ಕೆಲಸ. ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ನನಗ ಓದಾಕ ಬರೂದಿಲ್ಲ, ನೋಡಾಕ ಬರತೈತಿ. ಮೂವತ್ತು ವರ್ಷ ಅದರ ಕೆಳಗ ಕುಂತು ರೊಟ್ಟಿ ಬಡದೀನಿ" ಎಂದಳು. ಆಮೇಲೆ ಯಾರನ್ನೂ ಕೇಳದೆ ನೇರವಾಗಿ ಗೋಡೆಯ ಹತ್ತಿರ ಹೋಗಿ ಒರಗಿಸಿದ್ದ ಫಲಕವನ್ನು ತಿರುಗಿಸಿದಳು.

"ಹಾಂ, ಇದs ನೋಡು ನಂದು" ಎಂದಳು. ಬಾಗಿ ಇನ್ನೂ ಹತ್ತಿರದಿಂದ ನೋಡಿ, "ಯಾಕೋ ಕಾಶೀಂ, ಇವಕ್ಕೇನು ಥಂಡಿ ಹತ್ತೈತೇನು? ನಡಗಾಕ ಹತ್ಯಾವು" ಎಂದಳು. ಕಾಶೀಂಸಾಬರು ನೆಲ ನೋಡುತ್ತ, "ಅವಕ್ಕಲ್ಲ ಯವ್ವಾ, ನನಗ" ಎಂದರು. ಮುದುಕವ್ವ ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದಳು. "ಇರ್ಲಿ ಬಿಡು. ನಾ ಬಡದ ರೊಟ್ಟಿನೂ ಈಗ ಮೊದಲಿನಷ್ಟು ದುಂಡಗ ಬರೂದಿಲ್ಲ. ತಿನ್ನಾವ್ರು ತಿಂತಾರ" ಎಂದು ಹೇಳಿ, ಫಲಕವನ್ನು ಹಳೆಯ ಸೀರೆಯಲ್ಲಿ ಸುತ್ತಿ ಹನ್ನೆರಡರ ಬಸ್ಸಿಗೆ ಹೊರಟಳು. ಬಸ್ಸಿನಲ್ಲಿ ತಾನು ನಿಂತು ಅದಕ್ಕೆ ಸೀಟು ಕೊಟ್ಟಳೆಂದು ಕಂಡಕ್ಟರ್ ಬಸ್ಯಾ ಮರುದಿನ ಹೇಳಿದ.

ಮಾನ್ಯರೇ, ಈ ಕಾರಣದಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ರೋಣದ ಮುದುಕವ್ವನನ್ನು ತಮ್ಮ ವಿಭಾಗದ ಹಿರಿಯ ಸಲಹೆಗಾರಳನ್ನಾಗಿ ಕೂಡಲೇ ನೇಮಿಸಬೇಕು. ಓದು ಬರಹದ ಅರ್ಹತೆಯನ್ನು ಕೇಳಬಾರದು, ಅದು ಇರುವವರಿಂದ ಏನಾಗಿದೆ ಎಂಬುದನ್ನು ಮೇಲೆ ವಿವರಿಸಿದ್ದೇನೆ. ಹೊಸ ಆವೃತ್ತಿ ಹೊರಡುವ ಮುಂಚೆ ಮೂರೂ ಗರಿಗಳನ್ನು ಆಕೆಯ ಮುಂದೆ ಹಿಡಿಯಬೇಕು, ಯಾವುದು ಯಾವುದೆಂದು ಹೇಳಲು ಆಕೆಗೆ ಆಗದಿದ್ದರೆ ಹೊರಡಿಸುವುದನ್ನು ನಿಲ್ಲಿಸಬೇಕು. ಆಕೆ ಒಲೆ ಬಿಟ್ಟು ಬರಲಾರಳಾದ್ದರಿಂದ ತಮ್ಮ ಕಚೇರಿಯನ್ನು ಓಣಿಗೆ ಸ್ಥಳಾಂತರಿಸುವುದು ಅನಿವಾರ್ಯ. ಎದುರಿನ ಹಿಟ್ಟಿನ ಗಿರಣಿಯ ಮೇಲೆ ಒಂದು ಕೋಣೆ ಖಾಲಿ ಇದೆ, ವಿಚಾರಿಸಿದ್ದೇನೆ. ತಮ್ಮ ಸಿಬ್ಬಂದಿಯೆಲ್ಲರಿಗೂ ಒಂದು ತಿಂಗಳ ಮಟ್ಟಿಗೆ ಒಂದೇ ಹೆಸರಿಡಬೇಕು, ಒಂದೇ ಅಂಗಿ ತೊಡಿಸಬೇಕು, ರಜೆಯ ಚೀಟಿಯನ್ನು ಅದೇ ಹೆಸರಿನಲ್ಲಿ ಬರೆಸಬೇಕು. ದಾರಿ ತೋರಿಸುವಲ್ಲಿ ತಾವು ಇಟ್ಟ ಮೂರು ಚುಕ್ಕಿಗಳನ್ನು ತೆಗೆದು, ನಾಹೀದಳ 'ಖ'ದಿಂದ ಕಿತ್ತುಕೊಂಡ ನೂರಾ ಐವತ್ತೆಂಟು ಚುಕ್ಕಿಗಳನ್ನು ವಾಪಸು ಕಳಿಸಬೇಕು. ಅಂಚೆಯಲ್ಲಾದರೂ ಸರಿ. ಮತ್ತು ಕೇಳದೆ ಯಾವುದನ್ನೂ ಸುಧಾರಿಸಬಾರದು. ಕೇಳಿದರೆ ಉತ್ತರವನ್ನು ನಾವೇ ಹೇಳುವ ತನಕ ಕಾಯಬೇಕು.

ನ್ಯಾಯವಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಗರಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಕಡತ ಇರುವ ಫೋಲ್ಡರ್ ತೆರೆದು, ಆವೃತ್ತಿಯ ಸಂಖ್ಯೆ ನೋಡಿ, ಪ್ರತಿಯೊಂದಕ್ಕೂ ಬೇರೆ ಹೆಸರು ಕೊಟ್ಟು ಆಮೇಲೆ ಗುಂಡಿಗೆ ಒಪ್ಪಿಸಬಹುದಿತ್ತು. ನಾಹೀದ ಅದನ್ನು ನಾಲ್ಕು ನಿಮಿಷದಲ್ಲಿ ಮಾಡಿದಳು. ಹೆಸರುಗಳನ್ನು ಅವಳೇ ಇಟ್ಟಿದ್ದಾಳೆ: 'ಕತ್ತರಿ', 'ಫ್ಲೆಕ್ಸ್', 'ಕಾಕಾ ಮುಟ್ಟಬಾರದು'. ಮೂರನೆಯ ಹೆಸರನ್ನು ಬದಲಿಸಬೇಕೆಂದು ಎರಡು ಸಲ ಹೇಳಿದ್ದೇನೆ.

ಕಾಶೀಂಸಾಬರು ಮತ್ತೆ ಚಹಾಕ್ಕೆ ಬರುತ್ತಿದ್ದಾರೆ. ಅಕ್ಷರಗಳನ್ನು ಮೊದಲಿನಿಂದ ಬರೆಯಲು ಶುರುಮಾಡಿದ್ದಾರೆ, ದಿನಕ್ಕೆ ನಾಲ್ಕು, ಕೈ ಒಪ್ಪಿದ ದಿನ ಐದು. ನಾಹೀದ ಚುಕ್ಕಿ ಇಡುವಾಗ, "ಅಬ್ಬಾ, ಈ ನಡುಕ ಸ್ವಲ್ಪ ತಗೀಲ್ಯಾ?" ಎಂದು ಒಮ್ಮೆ ಕೇಳಿದಳು. "ಮುಟ್ಟಬ್ಯಾಡ. ಅದು ಈಗಿನ ಕಾಶೀಂಸಾಬ" ಎಂದರು. ಒಂದು 'ಖ'ಕ್ಕೆ ಈಗ ಇನ್ನೂರಾ ನಲವತ್ತು ಚುಕ್ಕಿ ಹಿಡಿಯುತ್ತಿವೆ.

ಇಂತಿ,
ತಮ್ಮ ಮೂರೂ ಆವೃತ್ತಿಗಳ ನಿರುಪಾಯದ ವಿಶ್ವಾಸಿ,
ಪ್ರಭುಲಿಂಗಪ್ಪ ಲಕ್ಕಲಕಟ್ಟಿ
ಗಜೇಂದ್ರಗಡ

ತಾಜಾಕಲಂ: ಈ ಪತ್ರವನ್ನು ಮೊದಲು ತಮ್ಮ ಜಾಲತಾಣದ ದೂರು ಪುಟದಲ್ಲೇ ಕಳಿಸಲು ಹೋಗಿದ್ದೆ. 'ತಾವು ಬಳಸುವ ಆವೃತ್ತಿ ಯಾವುದು?' ಎಂದು ಕೇಳಿ ಆರಿಸಿಕೊಳ್ಳಲು ಒಂದು ಪಟ್ಟಿ ಕೊಟ್ಟಿದ್ದೀರಿ. ಪಟ್ಟಿಯಲ್ಲಿ ತಮ್ಮ ತಂತ್ರಾಂಶದ ಹೆಸರು ನಾಲ್ಕು ಸಲ ಇದೆ. ನಮ್ಮಲ್ಲಿ ಇರುವುದು ಮೂರೇ ಆದ್ದರಿಂದ, ನಾಲ್ಕನೆಯವರು ಯಾರೆಂದು ತಿಳಿಯುವವರೆಗೆ ಪತ್ರಿಕೆಯ ಮೂಲಕವೇ ಬರೆಯುವುದು ಕ್ಷೇಮವೆಂದು ತೋರಿತು.